ಬೆಳಕಿನ ಮರೆಯಲ್ಲಿ: ಪಿಯೆರ್ ಬೊನ್ನಾರನ ವಸ್ತುಚಿತ್ರಗಳು

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 1930–31ರ ಅವಧಿಯಲ್ಲಿ ರಚಿತವಾದ, ಆಳೆತ್ತರಕ್ಕೆ ತುಸು ಕಡಮೆಯಾದ ತೈಲಚಿತ್ರವೊಂದುಂಟು. ಕಿಟಕಿಯ ಮುಂದೆ ಒಂದು ಮೇಜು. ಅದರ ಮೇಲೆ ಹಾಸಿದ ಪಟ್ಟೆಪಟ್ಟೆಯ ಬಟ್ಟೆ. ಆ ಬಟ್ಟೆಯ ಮೇಲೆ ಚಹದ ಪಾತ್ರೆ, ತಟ್ಟೆ, ಬಟ್ಟಲುಗಳು, ಬೆಳಗಿನ ಉಪಾಹಾರದ ಇತರ ಸಾಮಗ್ರಿ. ಕಿಟಕಿಯಾಚೆಗೆ ಕಟಾಂಜನ, ಅದರಾಚೆಗೆ ಹಸುರು, ನೀಲಿ, ಹಳದಿಗಳು ಒಂದರೊಳಗೊಂದು ಹೆಣೆದುಕೊಂಡಿರುವ ತೋಟ. ಇಷ್ಟನ್ನೂ ಕಂಡು ತೃಪ್ತನಾದ ಪ್ರೇಕ್ಷಕನು ಮುಂದಿನ ಚಿತ್ರದ ಕಡೆಗೆ ಹೊರಳಬೇಕೆನ್ನುವಷ್ಟರಲ್ಲಿ, ಎಡಗಡೆಯ ಅಂಚಿನಲ್ಲಿ, ಗೋಡೆಯ ವರ್ಣದೊಳಗೆ ಅರ್ಧ ಲೀನವಾಗಿ, ಕೈಯಲ್ಲಿ ಬಟ್ಟಲು ಹಿಡಿದು ನಿಂತ ಸ್ತ್ರೀಯೊಬ್ಬಳು ಗೋಚರಿಸುತ್ತಾಳೆ. ಅವಳು ಮೊದಲಿನಿಂದಲೂ ಅಲ್ಲಿಯೇ ಇದ್ದವಳು. ಕಂಡದ್ದು ಮಾತ್ರ ಈಗ. ಚಿತ್ರದಲ್ಲಿ ಕತ್ತಲೆಯಿಲ್ಲ, ಅವಳ ಮುಂದೆ ಅಡ್ಡವಾಗಿ ನಿಂತ ವಸ್ತುವಿಲ್ಲ, ಇರುವುದೆಲ್ಲ ಪ್ರಖರವಾದ ಬಣ್ಣ. ಆ ಬಣ್ಣವೇ ಅವಳನ್ನು ಮರೆಮಾಡಿತ್ತು.

ವರ್ಣವಾಗಲಿ ಬೆಳಕಾಗಲಿ ವಸ್ತುವನ್ನು ಪ್ರಕಾಶಪಡಿಸುವುದಕ್ಕಾಗಿ ಇರತಕ್ಕದ್ದೆಂಬುದು ನಮ್ಮೆಲ್ಲರ ಸಾಮಾನ್ಯ ತಿಳಿವಳಿಕೆ. ಈ ಚಿತ್ರವನ್ನು ಬರೆದ ಪಿಯೆರ್ ಬೊನ್ನಾರನೆಂಬ ಫ್ರೆಂಚ್ ಕಲಾವಿದನು ತನ್ನ ಜೀವಿತದ ಉತ್ತರಾರ್ಧವನ್ನೆಲ್ಲ ಈ ತಿಳಿವಳಿಕೆಯನ್ನು ಮೃದುವಾಗಿ, ಆದರೆ ಹಟ ಬಿಡದೆ ಅಲ್ಲಗಳೆಯುವುದರಲ್ಲಿ ಕಳೆದನು. ಅವನ ಮೇಜು, ಹಣ್ಣಿನ ಬುಟ್ಟಿ, ಹಾಲಿನ ಹೂಜಿಗಳು ಎಷ್ಟು ಉಜ್ಜ್ವಲವೋ ಅಷ್ಟು ನಿಧಾನವಾಗಿ ಕಣ್ಣಿಗೆ ದಕ್ಕುತ್ತವೆ. ಹೊಳಪಿನ ಚಿತ್ರಗಳೆಂದು, ಸಂತೃಪ್ತ ಗೃಹಸ್ಥನ ಸುಖಚಿತ್ರಗಳೆಂದು ಅವನ್ನು ಮೆಚ್ಚಿದವರೂ, ಅದೇ ಕಾರಣಕ್ಕಾಗಿ ಹಗುರವಾಗಿ ಕಂಡವರೂ ಈ ನಿಧಾನವನ್ನು ಗಮನಿಸಲಿಲ್ಲವೆಂದೇ ತೋರುತ್ತದೆ.

ಚಿತ್ರಕಲಾಶಾಲೆಗಳಲ್ಲಿ ಸ್ಟಿಲ್ ಲೈಫ್ ಎಂದು ಕರೆಯುವ ವಸ್ತುಚಿತ್ರಕ್ಕೆ ಫ್ರಾನ್ಸಿನಲ್ಲಿ ಬಹುಕಾಲ ದೊರೆತಿದ್ದುದು ಪಂಕ್ತಿಯ ಕೊನೆಯ ಎಲೆ. ರಾಜಾಶ್ರಯದ ಕಲಾ ಅಕಾಡೆಮಿಯಲ್ಲಿ 1667ರಲ್ಲಿ ನಡೆದ ಉಪನ್ಯಾಸಗಳಿಗೆ ಮುನ್ನುಡಿ ಬರೆದ ಆಂದ್ರೆ ಫೆಲಿಬಿಯಾಂ ಎಂಬ ವಿದ್ವಾಂಸನು ಚಿತ್ರಪ್ರಕಾರಗಳಿಗೆ ತಾರತಮ್ಯವನ್ನು ವಿಧಿಸಿ, ಹಣ್ಣು ಹೂವು ಚಿಪ್ಪುಗಳನ್ನು ಬರೆಯುವವನನ್ನು ತಳದಲ್ಲಿ, ಭೂದೃಶ್ಯಕಾರನನ್ನು ಅವನಿಗಿಂತ ಮೇಲೆ, ಜೀವಂತ ಪ್ರಾಣಿಗಳನ್ನು ಬರೆಯುವವನನ್ನು ಇನ್ನೂ ಮೇಲೆ, ಮನುಷ್ಯರನ್ನೂ ಇತಿಹಾಸಪುರಾಣಗಳ ಮಹಾಕಾರ್ಯಗಳನ್ನೂ ಚಿತ್ರಿಸುವವನನ್ನು ಎಲ್ಲಕ್ಕಿಂತ ಉನ್ನತ ಪೀಠದಲ್ಲಿ ಕೂರಿಸಿದನು. ಮನುಷ್ಯನ ಕ್ರಿಯೆ ಇದ್ದಲ್ಲಿ ಕಾಲವುಂಟು, ಕಾಲವಿದ್ದಲ್ಲಿ ಅರ್ಥವುಂಟು, ಸೇಬಿನ ಹಣ್ಣಿನಲ್ಲಿ ಅದಾವುದೂ ಇಲ್ಲ ಎಂಬುದು ಈ ವರ್ಗೀಕರಣದ ಹಿಂದಿದ್ದ ಭಾವನೆ. 1728ರಲ್ಲಿ ಶಾರ್ದಾಂ ಅಕಾಡೆಮಿಯ ಸದಸ್ಯನಾದಾಗಲೂ ಪ್ರಾಣಿಗಳನ್ನೂ ಫಲಗಳನ್ನೂ ಬರೆಯಬಲ್ಲವನೆಂಬ ವಿನಯದ ಬಿರುದಿನಿಂದಲೇ ಒಳಗೆ ಬಂದನು. ಆದರೆ ಯಾರ ಕಣ್ಣೂ ಬೀಳದ ತಾಣದಲ್ಲಿ ಸ್ವಾತಂತ್ರ್ಯ ಹೆಚ್ಚು. ಕಥೆ ಹೇಳುವ ಹೊಣೆಯಿಂದ ಬಿಡುಗಡೆ ಪಡೆದ ಈ ಕಿರಿಯ ಪ್ರಕಾರದಲ್ಲಿಯೇ ಶಾರ್ದಾಂ ಮೌನದ ಗಾಂಭೀರ್ಯವನ್ನು ಸಾಧಿಸಿದನು. ಒಂದೂವರೆ ಶತಮಾನ ಕಳೆದ ಮೇಲೆ ಸೆಜಾನ್ ಸೇಬುಗಳನ್ನಿಟ್ಟುಕೊಂಡು ಚಿತ್ರರಚನೆಯ ಅಸ್ತಿಭಾರವನ್ನೇ ಮರುಕಟ್ಟಿದನು. ಬೊನ್ನಾರನು ಬಂದುದು ಇವರಿಬ್ಬರ ಹಾದಿಯ ಮುಂದಿನ ತಿರುವಿನಲ್ಲಿ.

ಪ್ಯಾರಿಸಿನ ಸಮೀಪದ ಫೋಂತನೇ-ಓ-ರೋಜ್ ಎಂಬಲ್ಲಿ 1867ರ ಅಕ್ಟೋಬರ್ 3ರಂದು ಅವನು ಜನಿಸಿದನು. ಅವನ ತಂದೆ ಯುದ್ಧಶಾಖೆಯ ಅಧಿಕಾರಿ. ಮಗನು ನ್ಯಾಯಶಾಸ್ತ್ರವನ್ನೋದಿ ಸರಕಾರೀ ನೌಕರಿಯನ್ನು ಹಿಡಿಯಬೇಕೆಂಬುದು ಆ ಕಾಲದ ಮಧ್ಯಮವರ್ಗದ ತಂದೆಗೆ ಸಹಜವಾದ ಅಪೇಕ್ಷೆ. ಮಗನು ಕಾನೂನು ಪದವಿಯನ್ನು ಪಡೆದನಾದರೂ ಮನಸ್ಸನ್ನು ಮಾತ್ರ ಅಕಾದೆಮಿ ಜೂಲಿಯಾಂ ಎಂಬ ಖಾಸಗೀ ಕಲಾಶಾಲೆಗೆ ಒಪ್ಪಿಸಿದ್ದನು. ಉಡುಪಿಯ ಬಳಿಯ ಕಟ್ಟಿಂಗೇರಿಯವರಾದ ನಮ್ಮ ಕೆ. ಕೆ. ಹೆಬ್ಬಾರರು 1949–50ರ ಸುಮಾರಿನಲ್ಲಿ ಪ್ಯಾರಿಸಿಗೆ ತೆರಳಿ ಅಭ್ಯಾಸ ಮಾಡಿದುದೂ ಇದೇ ಶಾಲೆಯಲ್ಲಿಯೇ. ಬೊನ್ನಾರನ ಕಾಲದಲ್ಲಿ ಅಲ್ಲಿ ಕಲೆತ ತರುಣರಲ್ಲಿ ಪೋಲ್ ಸೆರೂಸಿಯೆ, ಮೊರಿಸ್ ದೆನಿ ಮುಖ್ಯರು. 1888ರಲ್ಲಿ ಪೊಂತಾವೆನ್ ಎಂಬ ಊರಿನ ತೋಪಿನಲ್ಲಿ ಗೋಗ್ಯಾಂನ ನಿರ್ದೇಶನದಂತೆ, ಕಂಡ ಬಣ್ಣವನ್ನು ಕಂಡದ್ದಕ್ಕಿಂತಲೂ ಶುದ್ಧವಾಗಿ ಲೇಪಿಸಿದ ಸಣ್ಣ ಹಲಗೆಯೊಂದನ್ನು ಸೆರೂಸಿಯೆ ಗೆಳೆಯರ ಮುಂದೆ ಇರಿಸಿದಾಗ, ಚಿತ್ರವೆಂದರೆ ನಿಸರ್ಗದ ನಕಲಲ್ಲ, ಸಮತಲದ ಮೇಲೆ ವರ್ಣಗಳ ವಿನ್ಯಾಸ ಎಂಬ ಅರಿವು ಆ ತರುಣರಲ್ಲಿ ದೀಕ್ಷೆಯಂತೆ ನೆಲೆಗೊಂಡಿತು. ಹೀಬ್ರೂ ಭಾಷೆಯಲ್ಲಿ ಪ್ರವಾದಿಗಳೆಂಬರ್ಥ ಬರುವಂತೆ ‘ನಾಬಿ’ಗಳೆಂದು ಅವರು ತಮ್ಮನ್ನು ಕರೆದುಕೊಂಡರು.

1890ರಲ್ಲಿ ಪ್ಯಾರಿಸಿನ ಎಕೋಲ್ ದೆ ಬೋಜಾರ್‌ನಲ್ಲಿ ಏರ್ಪಟ್ಟ ಜಪಾನೀ ಮುದ್ರಣಚಿತ್ರಗಳ ಮಹಾಪ್ರದರ್ಶನವು ಈ ಗುಂಪಿನಲ್ಲಿ ಎಲ್ಲರಿಗಿಂತ ಗಾಢವಾಗಿ ತಟ್ಟಿದುದು ಬೊನ್ನಾರನನ್ನು. ನೆರಳಿನ ಮಾಟವಿಲ್ಲದೆ ಬರಿಯ ಬಣ್ಣದಿಂದಲೇ ಆಕಾರವು ನಿಲ್ಲಬಲ್ಲುದೆಂಬುದನ್ನೂ, ವ್ಯಕ್ತಿಯ ಅರ್ಧಭಾಗವನ್ನು ಚೌಕಟ್ಟು ಕತ್ತರಿಸಿ ಹಾಕಿದರೂ ಚಿತ್ರವು ಅಪೂರ್ಣವಾಗದೆಂಬುದನ್ನೂ ಅವನು ಅಲ್ಲಿ ಮನಗಂಡನು. ಗೆಳೆಯರು ಅವನಿಗೆ ‘ಅತಿ ಜಪಾನೀ ನಾಬಿ’ ಎಂದೇ ಅಡ್ಡಹೆಸರನ್ನಿಟ್ಟರು. 1891ರಲ್ಲಿ ಪ್ಯಾರಿಸಿನ ಗೋಡೆಗಳ ಮೇಲೆ ರಾರಾಜಿಸಿದ ಅವನ ಶಾಂಪೇನ್ ಜಾಹೀರಾತು ತುಲೂಸ್-ಲೋತ್ರೆಕ್‌ನಂಥವನ ಗಮನವನ್ನೇ ಸೆಳೆಯಿತು. ನಾಲ್ಕು ದಶಕಗಳ ಅನಂತರ ಎಡದಂಚಿನಲ್ಲಿ ಬಟ್ಟಲು ಹಿಡಿದು ನಿಂತ ಸ್ತ್ರೀಯ ಬೀಜ ಇಲ್ಲಿದೆ.

ಆ ಸ್ತ್ರೀ ಮಾರ್ತ್. 1893ರಲ್ಲಿ ಪರಿಚಯವಾಗಿ, ಅಂದಿನಿಂದ ಅವನ ಒಡನಾಡಿಯಾಗಿ, 1925ರಲ್ಲಿ ವಿಧಿಪೂರ್ವಕವಾಗಿ ಪತ್ನಿಯಾದ ಆಕೆ ತಾನು ಮಾರ್ತ್ ದ ಮೆಲಿಞಿ ಎಂದು ಹೇಳಿಕೊಂಡಿದ್ದಳು. ಮಾರಿಯಾ ಬೂರ್ಸ್ಯಾಂ ಎಂಬ ನಿಜನಾಮವು ಅವನಿಗೆ ತಿಳಿದುದು ವಿವಾಹದ ಹೊತ್ತಿನಲ್ಲಿಯೇ ಎಂದು ಪ್ರತೀತಿ. ದೇಹಾಲಸ್ಯದಿಂದಲೂ ಜನಸಂಪರ್ಕಕ್ಕೆ ಹಿಂಜರಿಯುವ ಸ್ವಭಾವದಿಂದಲೂ ಅವಳು ಮನೆಯ ಒಳಗೇ ಉಳಿದಂತೆಲ್ಲ ಅವನ ಪ್ರಪಂಚವೂ ಊಟದ ಮನೆ, ಸ್ನಾನದ ಮನೆ, ಕಿಟಕಿಗಳ ಮಧ್ಯೆ ಸಂಕೋಚಗೊಂಡಿತು. 1912ರಲ್ಲಿ ಸೇನ್ ನದಿಯ ಕಣಿವೆಯ ವೆರ್ನೊನೆಯಲ್ಲಿ ಅವನು ಕೊಂಡ ಸಣ್ಣ ಮನೆ ಮೋನೆಯ ಜಿವೆರ್ನಿಗೆ ಹತ್ತಿರದಲ್ಲಿತ್ತು. 1926ರಲ್ಲಿ ಕೊಂಡ ಇನ್ನೊಂದು ಮನೆ, ‘ಲ ಬೊಸ್ಕೆ’, ದಕ್ಷಿಣದ ಕಡಲತೀರದ ಕಾನ್ ಪಟ್ಟಣದ ಮೇಲಣ ಗುಡ್ಡದಲ್ಲಿ, ಲ ಕಾನೆ ಎಂಬ ಊರಿನಲ್ಲಿ. 1939ರಿಂದ ಮರಣದವರೆಗೆ ಅವನು ಬಹುಮಟ್ಟಿಗೆ ನೆಲೆಸಿದುದು ಇಲ್ಲಿ. ಆಡಂಬರವಿಲ್ಲದ ಮನೆ, ಇಕ್ಕಟ್ಟಾದ ಚಿತ್ರಶಾಲೆ. ಹಣ್ಣಿನ ಬೋಗುಣಿ, ಬೆತ್ತದ ಬುಟ್ಟಿ, ಗೋಡೆಯ ಕಪಾಟು, ತೋಟಕ್ಕೆ ತೆರೆಯುವ ಗಾಜಿನ ಬಾಗಿಲು. ಇವಿಷ್ಟರಲ್ಲಿಯೇ ಅವನು ವರ್ಷಗಳನ್ನು ಕಳೆದನು. ವಸ್ತುಗಳು ಬದಲಾಗಲಿಲ್ಲ, ಅವುಗಳ ಮೇಲಣ ವರ್ಣ ಮಾತ್ರ ಒಂದು ಚಿತ್ರದಲ್ಲಿದ್ದಂತೆ ಇನ್ನೊಂದರಲ್ಲಿ ಇರಲಿಲ್ಲ.

ಇಂಥ ಚಿತ್ರಗಳನ್ನು ನೋಡಿದವರು ಅವನು ಮೇಜಿನ ಮುಂದೆ ಕುಂಚ ಹಿಡಿದು ಕುಳಿತು, ಕಿತ್ತಳೆಯ ಮೇಲೆ ಬಿಸಿಲು ಬಿದ್ದ ಕ್ಷಣವನ್ನು ಹಿಡಿದನೆಂದು ಭಾವಿಸುವುದು ಸಹಜ. ವಸ್ತುಸ್ಥಿತಿ ಇದಕ್ಕೆ ತೀರ ವಿರುದ್ಧ. ಪ್ರತಿದಿನ ಬೆಳಗ್ಗೆ ತಿರುಗಾಟಕ್ಕೆ ಹೊರಟು, ಜೇಬಿನ ದಿನಚರಿಯ ಪುಟಗಳಲ್ಲಿ ಸೀಸದಕಡ್ಡಿಯಿಂದ ಪುಟ್ಟ ಪುಟ್ಟ ರೇಖಾಚಿತ್ರಗಳನ್ನು ಗೀಚಿ, ಪಕ್ಕದಲ್ಲಿ ಆ ದಿನದ ಹವೆಯನ್ನು, ಮೋಡವೋ ಮಳೆಯೋ ನಿರ್ಮಲವೋ ಎಂಬುದನ್ನು, ಒಂದೆರಡು ಮಾತುಗಳಲ್ಲಿ ಬರೆದುಕೊಳ್ಳುತ್ತಿದ್ದನು. 1927ರಿಂದ 1946ರವರೆಗಿನ ಈ ದಿನಚರಿಗಳು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಚಳಿಯ ನಿರ್ಮಲ ದಿನದಲ್ಲಿ ಬೂದುಬಣ್ಣಗಳೊಳಗೆ ನೇರಳೆಯೂ, ಕಿತ್ತಳೆಬಣ್ಣದ ನೆರಳುಗಳೊಳಗೆ ಹಿಂಗುಲದ ಕೆಂಪೂ ಕಂಡಿತೆಂಬಂಥ ಟಿಪ್ಪಣಿಗಳು ಅಲ್ಲಲ್ಲಿ ಸಿಗುತ್ತವೆ. ಬಣ್ಣ ಬರೆಯುವುದು ಚಿತ್ರಶಾಲೆಯಲ್ಲಿ, ವಸ್ತುವು ಕಣ್ಣೆದುರಿಗೆ ಇಲ್ಲದಾಗ, ಸ್ಮೃತಿಯಿಂದ. ಎದುರಿಗಿರುವ ವಸ್ತು ಚಿತ್ರಕಾರನಿಗೆ ಬರೆಯುವ ಸಮಯದಲ್ಲಿ ಅಡಚಣೆಯೆಂದೂ, ತನ್ನನ್ನು ಕುಂಚ ಹಿಡಿಯುವಂತೆ ಪ್ರೇರಿಸಿದ ಮೊದಲ ಭಾವನೆಯನ್ನು ಅದು ಅಳಿಸಿಹಾಕುತ್ತದೆಂದೂ, ಒಮ್ಮೆ ಗುಲಾಬಿಗಳನ್ನು ನೋಡಿನೋಡಿ ಬರೆಯಹೋಗಿ ಅವುಗಳ ವಿವರಗಳಲ್ಲಿಯೇ ತಾನು ದಾರಿತಪ್ಪಿದೆನೆಂದೂ ಅವನು 1943ರ ಸಂದರ್ಶನವೊಂದರಲ್ಲಿ ವಿವರಿಸಿದ್ದಾನೆ.

ಚಿತ್ರಪಟವನ್ನು ಮರದ ಚೌಕಟ್ಟಿಗೆ ಬಿಗಿಯದೆ, ಬೇಕಾದುದಕ್ಕಿಂತ ದೊಡ್ಡ ಬಟ್ಟೆಯನ್ನು ನೇರವಾಗಿ ಗೋಡೆಗೆ ಮೊಳೆಹೊಡೆದು, ಅಂಚು ಎಲ್ಲಿ ಬರಬೇಕೆಂಬುದನ್ನು ಬರೆಯುತ್ತ ಬರೆಯುತ್ತ ನಿರ್ಣಯಿಸುವುದು ಅವನ ಪದ್ಧತಿ. ಏಕಕಾಲದಲ್ಲಿ ನಾಲ್ಕಾರು ಚಿತ್ರಗಳು ಗೋಡೆಯ ಮೇಲಿರುತ್ತಿದ್ದುವು; ಒಂದಕ್ಕಾಗಿ ಬಣ್ಣವನ್ನು ಕಲಸಿದರೆ ಅದೇ ಬಣ್ಣಕ್ಕೆ ಉಳಿದವುಗಳಲ್ಲಿ ಎಲ್ಲಿ ಎಡೆಯುಂಟೆಂದು ಹುಡುಕಿ ಅಲ್ಲೊಂದು ಇಲ್ಲೊಂದು ಲೇಪವನ್ನು ಹಚ್ಚುತ್ತಿದ್ದನು. ಮಿಠಾಯಿಗೆ ಸುತ್ತಿ ಬರುವ ಮಿರುಗುವ ಕಾಗದಗಳನ್ನು, ಬೆಳಕಿನ ಹೊಳಪನ್ನು ಅಭ್ಯಸಿಸಲಿಕ್ಕಾಗಿ, ಗೋಡೆಗೆ ಅಂಟಿಸಿಕೊಂಡಿದ್ದನೆಂಬುದಕ್ಕೆ ಅವನ ಚಿತ್ರಶಾಲೆಯನ್ನು ಕಂಡವರ ಸಾಕ್ಷ್ಯವುಂಟು. ಒಂದೊಂದು ಚಿತ್ರ ವರ್ಷಗಟ್ಟಲೆ ಅಲ್ಲಿಯೇ ಉಳಿಯುತ್ತಿತ್ತು: ‘ಮಿಮೋಸಾ ಹೂವಿನ ಚಿತ್ರಶಾಲೆ’ಯು 1939ರಲ್ಲಿ ಆರಂಭವಾಗಿ 1946ರಲ್ಲಿ ಮುಗಿಯಿತು. ಸಂಗ್ರಹಾಲಯದಲ್ಲಿ ತೂಗುಹಾಕಿದ ತನ್ನದೇ ಚಿತ್ರವನ್ನು, ಗೆಳೆಯ ವುಯ್ಯಾರನು ಕಾವಲುಗಾರನನ್ನು ಮಾತಿಗೆಳೆದುಕೊಂಡಿದ್ದಾಗ, ಜೇಬಿನಲ್ಲಿ ತಂದ ಬಣ್ಣದಿಂದ ಅವನು ತಿದ್ದಿದನೆಂಬ ಕಥೆ ಹುಟ್ಟಿಕೊಂಡುದು ಈ ಸ್ವಭಾವದಿಂದ. ಅದು ನಡೆದಿದ್ದರೂ ಇಲ್ಲದಿದ್ದರೂ ಅವನ ಪ್ರಕೃತಿಗೆ ಒಪ್ಪುವಂಥದು.

ಹಾಗಾದರೆ ಉಜ್ಜ್ವಲ ವರ್ಣವು ವಸ್ತುವನ್ನು ಮರೆಸುವುದು ಹೇಗೆ? ಇದರ ರಹಸ್ಯವನ್ನು ತಿಳಿಯಲು ನೇಯ್ಗೆಯ ಕಾರ್ಖಾನೆಯೊಂದಕ್ಕೆ ಹೋಗಬೇಕು. ಪ್ಯಾರಿಸಿನ ಗೊಬೆಲ್ಯಾಂ ಚಿತ್ರಪಟ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನ ಬಳಿಗೆ ಕಪ್ಪು ನೂಲು ಸಪ್ಪೆಯಾಗಿ ಕಾಣುತ್ತದೆಂಬ ದೂರು ಬಂದಾಗ, ದೋಷವು ಬಣ್ಣದಲ್ಲಿಲ್ಲ, ಪಕ್ಕದ ನೂಲಿನ ಬಣ್ಣದಲ್ಲಿದೆ ಎಂಬುದನ್ನು ಅವನು ಕಂಡುಹಿಡಿದನು. 1839ರಲ್ಲಿ ಪ್ರಕಟವಾದ ಅವನ ಗ್ರಂಥವು, ಯಾವ ವರ್ಣವೂ ಒಂಟಿಯಾಗಿ ಕಾಣದು, ನೆರೆಯ ವರ್ಣವು ಅದನ್ನು ತನ್ನ ವಿರುದ್ಧದ ಕಡೆಗೆ ತಳ್ಳುತ್ತದೆ ಎಂಬ ನಿಯಮವನ್ನು ಪ್ರತಿಪಾದಿಸಿತು. ಹಳದಿಯ ಮಗ್ಗುಲಲ್ಲಿ ಬೂದುಬಣ್ಣ ನೇರಳೆಯಾಗಿ ತೋರುವುದು, ಕಿತ್ತಳೆಯ ಮಗ್ಗುಲಲ್ಲಿ ನೀಲಿ ತೀವ್ರವಾಗುವುದು ಇದರಿಂದಲೇ. ಅದೇ ಶತಮಾನದ ರಸಾಯನವಿದ್ಯೆಯು ಕ್ಯಾಡ್ಮಿಯಂ ಹಳದಿ, ಕೋಬಾಲ್ಟ್ ನೇರಳೆಗಳಂಥ ಪ್ರಬಲ ವರ್ಣದ್ರವ್ಯಗಳನ್ನು ಚಿತ್ರಕಾರನ ಕೈಗಿತ್ತಿತು.

ಬೊನ್ನಾರನಿಗಿಂತ ಹಿಂದಿನವರು ಈ ನಿಯಮವನ್ನು ಬಳಸಿದುದು ಬಹುಮಟ್ಟಿಗೆ ಹೊಳಪಿಗಾಗಿ. ಅವನು ಅದಕ್ಕೆ ಇನ್ನೊಂದನ್ನು ಕೂಡಿಸಿದನು. ನಮ್ಮ ಕಣ್ಣು ವಸ್ತುವಿನ ಅಂಚನ್ನು ಗುರುತಿಸುವುದು ವರ್ಣಭೇದದಿಂದ ಎನ್ನುವುದಕ್ಕಿಂತ ಹೆಚ್ಚಾಗಿ ಬೆಳಕು-ಕತ್ತಲೆಯ ಭೇದದಿಂದ. ಎರಡು ವರ್ಣಗಳು ಪರಸ್ಪರ ಎಷ್ಟೇ ಭಿನ್ನವಾಗಿದ್ದರೂ ಅವುಗಳ ತಿಳಿತನ ಸಮಾನವಾಗಿದ್ದಲ್ಲಿ ನಡುವಣ ಗೆರೆಯನ್ನು ಕಣ್ಣು ಹಿಡಿಯಲಾರದೆ ತಡಕಾಡುತ್ತದೆ. ಆ ಅಂಚು ಕಂಪಿಸಿದಂತೆ ತೋರುತ್ತದೆ. ಬೊನ್ನಾರನು ಎಷ್ಟೋ ಚಿತ್ರಗಳಲ್ಲಿ ವಸ್ತುವಿನ ತಿಳಿತನವನ್ನೂ ಅದರ ಹಿನ್ನೆಲೆಯ ತಿಳಿತನವನ್ನೂ ಹತ್ತಿರ ಹತ್ತಿರಕ್ಕೆ ತಂದು, ವರ್ಣದಲ್ಲಿ ಮಾತ್ರ ಬೇರ್ಪಡಿಸಿದನು. ಇದರ ಜತೆಗೆ ಮುಖ್ಯವಾದುದನ್ನು ಅಂಚಿಗೆ ಸರಿಸಿ, ನಡುವೆ ಬರಿಯ ಬಟ್ಟೆಯನ್ನೋ ಖಾಲಿ ತಟ್ಟೆಯನ್ನೋ ಇಡುವುದು ಅವನ ರೂಢಿ. ದೃಷ್ಟಿಯ ಕೇಂದ್ರದಲ್ಲಿ ನಮಗೆ ಸ್ಪಷ್ಟತೆ ಹೆಚ್ಚು, ಅಂಚಿನಲ್ಲಿ ಕಡಮೆ. ಹೀಗೆ ತಿಳಿತನದ ಸಾಮ್ಯವೂ ಅಂಚಿನ ಅಸ್ಪಷ್ಟತೆಯೂ ಸೇರಿ ಬಣ್ಣದ ಮಧ್ಯದಲ್ಲಿ ಮನುಷ್ಯನನ್ನು ಅಡಗಿಸಿಡುತ್ತವೆ.

ಗ್ರೆನೋಬ್ಲ್ ನಗರದ ಸಂಗ್ರಹಾಲಯದಲ್ಲಿರುವ, 1932ರ ‘ಬಿಳಿಯ ಒಳಾಂಗಣ’ ಎಂಬ ಚಿತ್ರವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಬಾಗಿಲು, ಗೋಡೆ, ಕೋಣೆ ಕಾಯಿಸುವ ರೇಡಿಯೇಟರ್ ಎಲ್ಲವೂ ಬಿಳಿ. ಆದರೆ ಆ ಬಿಳಿಯಲ್ಲಿ ಒಂದು ಇನ್ನೊಂದರಂತಿಲ್ಲ: ಒಂದೆಡೆ ನೀಲಿಯ ಛಾಯೆ, ಒಂದೆಡೆ ಹಳದಿ, ಇನ್ನೊಂದೆಡೆ ನೇರಳೆ. ಮುಂದೆ ಮೇಜಿನ ಮೂಲೆ. ಅದರಾಚೆ, ನೆಲದ ಕಂದುಬಣ್ಣದಲ್ಲಿಯೇ ಬೆರೆತುಹೋಗಿ, ಬೆಕ್ಕಿನ ಕಡೆಗೆ ಬಗ್ಗಿರುವ ಮಾರ್ತ್. ಅವಳನ್ನು ಕಾಣುವವರೆಗೆ ಇದು ನಿರ್ಜನವಾದ ಕೋಣೆ. ಕಂಡ ಮೇಲೆ ನಾವು ಅಪ್ಪಣೆಯಿಲ್ಲದೆ ಒಳಗೆ ಬಂದವರು. ಲಂಡನ್ನಿನ ಟೇಟ್ ಸಂಗ್ರಹದ 1915ರ ‘ಕಾಫಿ’ ಚಿತ್ರದಲ್ಲಿ ಕೆಂಪು ಬಿಳಿ ಚೌಕಳಿಯ ಮೇಜುಬಟ್ಟೆ ಇಡೀ ಪಟವನ್ನು ಆಕ್ರಮಿಸಿ, ಬಟ್ಟಲು ಹಿಡಿದವಳನ್ನೂ ಅವಳ ನಾಯಿಯನ್ನೂ ಮೇಲಿನಂಚಿಗೆ ಒತ್ತರಿಸುತ್ತದೆ. ವಾಚ್ಯಾರ್ಥವು ಮೊದಲು ಹೊಳೆದು ವ್ಯಂಗ್ಯಾರ್ಥವು ಅದರ ಹಿಂದಿನಿಂದ ಬರಬೇಕೆಂದು ನಮ್ಮ ಧ್ವನಿವಾದಿಗಳು ಕಾವ್ಯಕ್ಕೆ ಹೇಳಿದ ಕ್ರಮವು ಈ ಚಿತ್ರಗಳಿಗೆ ಯಥಾವತ್ತಾಗಿ ಸಲ್ಲುತ್ತದೆ. ಇಲ್ಲಿ ವಾಚ್ಯವು ಮೇಜು, ವ್ಯಂಗ್ಯವು ಮೇಜಿನ ಬಳಿ ಬಾಳಿದವರು.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಈ ಬಾಳು ಒಂದೊಂದಾಗಿ ಖಾಲಿಯಾಯಿತು. ವುಯ್ಯಾರ್ 1940ರಲ್ಲಿ ತೀರಿಕೊಂಡನು. 1942ರ ಜನವರಿಯಲ್ಲಿ ಮಾರ್ತ್. ಪತ್ನಿಯು ಮರಣಪತ್ರವನ್ನು ಬರೆಯದೆ ತೀರಿಹೋದುದರಿಂದ ಮನೆಯೂ ಚಿತ್ರಗಳೂ ಪಾಲಾಗುವ ಭೀತಿಯಿಂದ ಅವನು ಅವಳ ಹೆಸರಿನಲ್ಲಿ ತಾನೇ ಒಂದನ್ನು ಸೃಷ್ಟಿಸಿದನು. ಕಾನೂನನ್ನು ಓದಿ ಬಿಟ್ಟವನ ಈ ತಪ್ಪಿನಿಂದಾಗಿ, ಅವನು ಸತ್ತ ಮೇಲೆ ಅವಳ ಬಂಧುಗಳು ಹೂಡಿದ ವ್ಯಾಜ್ಯವು 1960ರ ದಶಕದವರೆಗೂ ನಡೆಯಿತು. ಹೊರಗೆ ಯುದ್ಧ, ಒಳಗೆ ವಿಯೋಗ. ಇಂಥ ಕಾಲದಲ್ಲಿ ಚಿತ್ರಪಟ ಮಂಕಾಗುವುದೆಂದು ನಿರೀಕ್ಷಿಸುವವನಿಗೆ ಆಶ್ಚರ್ಯ ಕಾದಿದೆ, ಏಕೆಂದರೆ ಅವನ ಹಳದಿ ಇನ್ನೂ ಗಾಢವಾದುದು, ಅವನ ಕೆಂಪು ಇನ್ನೂ ಉರಿದುದು ಆಗಲೇ. ಸ್ನಾನದ ತೊಟ್ಟಿಯಲ್ಲಿ ಮಲಗಿದ ಮಾರ್ತಳನ್ನು ಕುರಿತು 1941ರಲ್ಲಿ ಆರಂಭಿಸಿದ, ಈಗ ಪಿಟ್ಸ್‌ಬರ್ಗಿನಲ್ಲಿರುವ ಚಿತ್ರವನ್ನು ಅವನು ಅವಳ ಮರಣಾನಂತರವೂ ನಾಲ್ಕು ವರ್ಷ ಬರೆಯುತ್ತಲೇ ಇದ್ದನು. ಅಭ್ಯಾಸದ ಪ್ರಕಾರ ನೆನಪಿನಿಂದ ಬರೆಯುವವನಿಗೆ, ಎದುರಿಗೆ ಇದ್ದವಳಿಗೂ ಇಲ್ಲವಾದವಳಿಗೂ ಕುಂಚದ ಮಟ್ಟಿಗೆ ಭೇದವಿರಲಿಲ್ಲ.

1947ರ ಜನವರಿ 23ರಂದು ಅವನು ಲ ಕಾನೆಯಲ್ಲಿ ತೀರಿಕೊಂಡನು. ಕೊನೆಯ ಚಿತ್ರವಾದ ‘ಹೂಬಿಟ್ಟ ಬಾದಾಮಿ ಮರ’ದಲ್ಲಿ ಎಡಗಡೆಯ ಕೆಳಮೂಲೆಯ ನೆಲಕ್ಕೆ ಹಚ್ಚಿದ ಹಸುರು ಸರಿಯಲ್ಲವೆಂದೂ ಅಲ್ಲಿ ಹಳದಿ ಬೇಕೆಂದೂ ತೋರಿ, ತನ್ನ ಕೈ ನಡೆಯದಿದ್ದುದರಿಂದ ಸೋದರಿಯ ಮಗನ ನೆರವಿನಿಂದ ಅದನ್ನು ತಿದ್ದಿಸಿದನು. ಎಂಬತ್ತರ ಸಮೀಪದವನಿಗೂ, ಮರಣಶಯ್ಯೆಯಲ್ಲಿಯೂ, ಒಂದು ಬಣ್ಣ ಇನ್ನೂ ನಿಶ್ಚಯವಾಗಿರಲಿಲ್ಲ.

ಪಿಕಾಸೊವಿನ ಆಕ್ಷೇಪಣೆ ಇದ್ದುದೂ ಇಲ್ಲಿಯೇ. ಅವನ ಒಡನಾಡಿಯಾಗಿದ್ದ ಫ್ರಾಂಸ್ವಾಜ್ ಜಿಲೋ ತನ್ನ ನೆನಪುಗಳಲ್ಲಿ ದಾಖಲಿಸಿರುವ ಮೇರೆಗೆ, ಬೊನ್ನಾರನ ಚಿತ್ರಗಳು ಅನಿಶ್ಚಯದ ಕಲಸುಮೇಲೋಗರವೆಂಬುದು ಅವನ ತೀರ್ಪು. ವರ್ಣಕ್ಕೆ ವರ್ಣವನ್ನು ಎದುರು ನಿಲ್ಲಿಸಿ ಹೋರಾಡಿಸದೆ ಹವಣಿಸುತ್ತ ಹೋಗುವವನನ್ನು ಆಧುನಿಕನೆಂದೇ ಅವನು ಒಪ್ಪಲಿಲ್ಲ. ಕಲಾವಿದನು ಸತ್ತ ವರ್ಷವೇ ಕ್ರಿಸ್ತಿಯಾಂ ಜೆರ್ವೊಸ್ ತನ್ನ ‘ಕಾಯೆ ದಾರ್’ ಪತ್ರಿಕೆಯಲ್ಲಿ, ಬೊನ್ನಾರ್ ದೊಡ್ಡ ಚಿತ್ರಕಾರನೇ ಎಂಬ ಪ್ರಶ್ನೆಯನ್ನೇ ಶಿರೋನಾಮೆಯಾಗಿಟ್ಟು ಪ್ರತಿಕೂಲವಾದ ಲೇಖನವನ್ನು ಬರೆದನು. ಅದನ್ನೋದಿ ಕೆರಳಿದ ಮಾತೀಸ್, ಬೊನ್ನಾರನೊಡನೆ ಎರಡು ದಶಕಗಳ ಪತ್ರವ್ಯವಹಾರವಿದ್ದವನು, ಇಂದಿಗೂ ನಿಶ್ಚಯವಾಗಿ ಮುಂದಿಗೂ ಅವನು ದೊಡ್ಡ ಚಿತ್ರಕಾರನೆಂಬುದಕ್ಕೆ ತನ್ನ ಸಾಕ್ಷ್ಯವಿದೆಯೆಂದು ಆ ಲೇಖನದ ಪ್ರತಿಯ ಮೇಲೆಯೇ ಬರೆದು ರುಜು ಹಾಕಿದನು. ತೀರ್ಪು ಕ್ರಮೇಣ ಮಾತೀಸನ ಕಡೆಗೇ ವಾಲಿದೆ: ಬೊನ್ನಾರನ ಕೊನೆಗಾಲದ ಒಳಾಂಗಣ ಚಿತ್ರಗಳನ್ನೂ ವಸ್ತುಚಿತ್ರಗಳನ್ನೂ ಕುರಿತೇ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವು 2009ರಲ್ಲಿ ಪ್ರದರ್ಶನವನ್ನು ಏರ್ಪಡಿಸಿತು, 2011ರಲ್ಲಿ ಲ ಕಾನೆಯಲ್ಲಿ ಅವನ ಹೆಸರಿನ ಸಂಗ್ರಹಾಲಯವೇ ತೆರೆಯಿತು, 2019ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಅವನ ವರ್ಣವನ್ನೂ ಸ್ಮೃತಿಯನ್ನೂ ಒಂದಾಗಿಸಿ ಪ್ರದರ್ಶಿಸಿತು.

ಆದರೂ ಪಿಕಾಸೊ ಕಂಡದ್ದು ಸುಳ್ಳಲ್ಲ, ಅನಿಶ್ಚಯವಿದೆ. ಅದನ್ನು ದೋಷವೆಂದು ಎಣಿಸಬೇಕೆ ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯಕ್ಕೆ ಎಡೆಯುಂಟು. ನಾವು ಕೋಣೆಯೊಂದನ್ನು ಹೊಕ್ಕಾಗ ಅದರಲ್ಲಿರುವುದೆಲ್ಲವನ್ನೂ ಒಮ್ಮೆಗೇ ನಿಶ್ಚಿತವಾಗಿ ಕಾಣುವುದಿಲ್ಲ: ಮೊದಲು ಬೆಳಕು, ಬಳಿಕ ಮೇಜು, ಆಮೇಲೆ ಹಣ್ಣು, ಕೊನೆಗೆ ಮೂಲೆಯಲ್ಲಿ ನಿಂತವಳು. ಹೋದ ವರ್ಷದ ಬೆಳಗೊಂದನ್ನು ನೆನೆವಾಗಲಂತೂ ಮೊದಲು ಮರಳುವುದು ವರ್ಣ, ತಡವಾಗಿ ಬರುವುದು ಆಕಾರ. ಈ ಕ್ರಮವನ್ನು ನಿಜವಾಗಿ ಚಿತ್ರಿಸಬೇಕಾದವನು ಅಂಚುಗಳನ್ನು ಸಡಿಲವಾಗಿಯೇ ಬಿಡಬೇಕು. ಮುದ್ರಿತ ಪುಸ್ತಕಗಳಲ್ಲಿ ಇವು ಬರಿಯ ಚೆಂದದ ಚಿತ್ರಗಳಾಗಿ ತೋರುವುದಕ್ಕೂ ಇದೇ ಕಾರಣ: ಅಚ್ಚಿನ ನಾಲ್ಕು ಮಸಿಗಳಲ್ಲಿ ವರ್ಣಗಳ ಆ ಸೂಕ್ಷ್ಮ ಸಾಮೀಪ್ಯ ಕೆಟ್ಟುಹೋಗುತ್ತದೆ, ಗೇಣು ಗಾತ್ರಕ್ಕೆ ಕುಗ್ಗಿದ ಪಟದಲ್ಲಿ ಅಂಚಿನವಳೂ ಕಣ್ಣಿಗೆ ಒಮ್ಮೆಗೇ ಬೀಳುತ್ತಾಳೆ. ಮೂಲಚಿತ್ರದ ಎದುರಿನಲ್ಲಿ ಹತ್ತು ನಿಮಿಷ ನಿಲ್ಲಬಲ್ಲವನಿಗೆ ಚಿತ್ರವು ತನ್ನಷ್ಟಕ್ಕೆ ನಡೆಯತೊಡಗುತ್ತದೆ. ಮನುಷ್ಯಕ್ರಿಯೆ ಇಲ್ಲದೆ ಕಾಲವಿಲ್ಲ, ಆದ್ದರಿಂದ ಹಣ್ಣು ಹೂಜಿಗಳಿಗೆ ಮಹತ್ತ್ವವಿಲ್ಲ ಎಂಬುದು ಫೆಲಿಬಿಯಾಂನ ವರ್ಗೀಕರಣದ ಹಿಂದಿದ್ದ ಭಾವನೆಯಷ್ಟೆ; ನೋಡುವುದೂ ಒಂದು ಕ್ರಿಯೆಯೆಂದೂ, ಅದಕ್ಕೆ ಬೇಕಾದ ಕಾಲವನ್ನು ಒಂದು ಊಟದ ಮೇಜಿನೊಳಗೇ ಹುದುಗಿಸಿಡಬಹುದೆಂದೂ ಬೊನ್ನಾರನು ತೋರಿಸಿಕೊಟ್ಟ ಮೇಲೆ, ಆ ತಾರತಮ್ಯಕ್ಕೆ ಆಧಾರವೇ ಉಳಿಯಲಿಲ್ಲ.